ತಟ್ಟಿ ಕೇಳುತ್ತಿದ್ದವರು

ಅವರು ಯಾವುದನ್ನೂ ಮೊದಲು ನೋಡುತ್ತಿರಲಿಲ್ಲ, ತಟ್ಟುತ್ತಿದ್ದರು. ಬಲಗೈಯ ನಡುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ಒಂದೇ ಸಲ. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಕೇಳುತ್ತಿದ್ದರು. ಆಮೇಲೆ ‘ಹೂಂ’ ಅಥವಾ ‘ಊಹೂಂ’. ಎರಡರ ನಡುವೆ ಅವರಲ್ಲಿ ಮೂರನೆಯ ಅಭಿಪ್ರಾಯ ಇರಲಿಲ್ಲ.

ಒಮ್ಮೆ ಜೆ.ಪಿ. ನಗರದಲ್ಲಿ ತಳ್ಳುಗಾಡಿಯ ಮುಂದೆ ನಿಂತು ಕಲ್ಲಂಗಡಿ ಹಣ್ಣುಗಳನ್ನು ಒಂದೊಂದಾಗಿ ತಟ್ಟುತ್ತಿದ್ದರು. ಎಂಟನೆಯ ಹಣ್ಣಿಗೆ ಬರುವಷ್ಟರಲ್ಲಿ ಗಾಡಿಯವನ ತಾಳ್ಮೆ ಮುಗಿಯಿತು.

‘ಏನ್ ಆಂಟಿ, ಹಣ್ಣಿಗೆ ಜ್ವರ ಬಂದಿದ್ಯಾ?’

‘ಹಣ್ಣಿಗಲ್ಲಪ್ಪ, ನಿನ್ನ ತಕ್ಕಡಿಗೆ ಬಂದಿರೋ ಹಾಗಿದೆ. ಅದನ್ನೂ ತಟ್ಟಿ ನೋಡ್ಲಾ?’

ಅವನು ನಕ್ಕು, ಅಡಿಯಿಂದ ಒಂದು ಹಣ್ಣು ಎಳೆದು ಅವರ ಮುಂದಿಟ್ಟ. ತಟ್ಟಿದರು. ‘ಹೂಂ. ಇದನ್ನ ಯಾಕೆ ಬಚ್ಚಿಟ್ಟಿದ್ದೆ?’

ಈ ಕಿವಿ ಅವರಿಗೆ ಕಾರ್ಖಾನೆಯಲ್ಲಿ ಬಂದದ್ದು. ಕರೆಂಟ್ ಕಂಬಗಳ ಮೇಲೆ ತಂತಿಯ ಕೆಳಗೆ ಬಿಳಿ ಕಪ್ಪುಗಳನ್ನು ಬೋರಲು ಹಾಕಿದಂತೆ ಪಿಂಗಾಣಿ ಇರುತ್ತದಲ್ಲ, ಅದನ್ನು ತಯಾರಿಸುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವರು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದರು. ಭಟ್ಟಿಯಿಂದ ಬಂದ ಪ್ರತಿಯೊಂದನ್ನೂ ಸಣ್ಣ ಮರದ ಸುತ್ತಿಗೆಯಿಂದ ತಟ್ಟಿ ಕೇಳುವುದು ಅವರ ಕೆಲಸ. ಗಟ್ಟಿಯಾಗಿದ್ದರೆ ಗಂಟೆಯಂತೆ ದನಿ ಬರುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಸತ್ತಿರುತ್ತದೆ. ‘ಕಣ್ಣಿಗೆ ಮೋಸ ಮಾಡ್ಬಹುದು ಸಾರ್, ದನಿಗೆ ಆಗಲ್ಲ’ ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಆ ಸುತ್ತಿಗೆಯನ್ನು ಕೇಳಿ ಮನೆಗೆ ತಂದಿದ್ದರು. ಕುಮಾರಸ್ವಾಮಿ ಲೇಔಟಿನ ಮನೆಯ ತಾರಸಿಯಲ್ಲಿ ಶೀಟು ಹೊದಿಸಿ, ಒಂದು ಚಕ್ರ, ಒಂದು ಚಿಕ್ಕ ವಿದ್ಯುತ್ ಭಟ್ಟಿ ಇಟ್ಟುಕೊಂಡು ಮಣ್ಣಿನ ಕೆಲಸ ಶುರು ಮಾಡಿದಾಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಬೇರೆಯವರು ಮಾಡಿದ್ದನ್ನು ತಟ್ಟಿದ್ದರು, ಇನ್ನು ತಾವು ಮಾಡಿದ್ದನ್ನು ತಟ್ಟಬೇಕು ಅನ್ನಿಸಿತಂತೆ.

ಬೀದಿಯಲ್ಲಿ ಅವರ ಕೀರ್ತಿ ಇದ್ದದ್ದು ಬೇರೆ ಕಾರಣಕ್ಕೆ. ಕತ್ರಿಗುಪ್ಪೆಯಲ್ಲೋ ಬಿಳೇಕಹಳ್ಳಿಯಲ್ಲೋ ಯಾರಾದರೂ ಹೊಸ ಫ್ಲ್ಯಾಟಿನ ಕೀ ತೆಗೆದುಕೊಳ್ಳುವ ಮೊದಲು ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಸೀಮೆಸುಣ್ಣ. ನೆಲದ ಟೈಲ್ಸ್ ಒಂದೊಂದನ್ನೂ ತಟ್ಟುತ್ತ ನಡೆಯುತ್ತಿದ್ದರು. ಅಡಿಯಲ್ಲಿ ಗಾರೆ ತುಂಬದೆ ಟೊಳ್ಳಾಗಿರುವ ಕಡೆ ಒಂದು ಗುಂಡು ಗುರುತು. ಒಬ್ಬ ಮೇಸ್ತ್ರಿ ಅವರ ಹಿಂದೆಯೇ ಬಂದು ಗೊಣಗಿದನಂತೆ: ‘ಅಮ್ಮಾ, ಮನೆಯಲ್ಲಿ ವಾಸ ಮಾಡೋಕೆ ಬರ್ತಾರೋ ತಬಲಾ ಬಾರಿಸೋಕೆ ಬರ್ತಾರೋ?’ ಇವರು ಬಗ್ಗಿದಲ್ಲಿಂದಲೇ, ‘ನೀನು ಕೆಳಗೆ ತಬಲಾ ಇಟ್ಟಿದ್ದೀಯಲ್ಲ, ಬಾರಿಸ್ದೇ ಏನ್ ಮಾಡ್ಲಿ’ ಅಂದರಂತೆ. ಗುರುತುಗಳು ನಲವತ್ತು ದಾಟಿದ ಮೇಲೆ ಆ ಮೇಸ್ತ್ರಿಯೇ ಕಾಫಿ ತರಿಸಿಕೊಟ್ಟ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಮಾಡಿದ್ದೇ ಸಾಕು.

ನಾನು ಇಪ್ಪತ್ತೆಂಟು ವರ್ಷ ಪತ್ರಿಕೆಯೊಂದರಲ್ಲಿ ದುಡಿದವನು. ಕೊನೆಯ ಹತ್ತು ವರ್ಷ ನಗರದ ಪುಟದ ಜೊತೆಗೆ ತಿದ್ದುಪಡಿಯ ಹೊಣೆಯೂ ನನ್ನದಾಗಿತ್ತು. ಇಂದಿನ ಪತ್ರಿಕೆಯಲ್ಲಿ ಆದ ತಪ್ಪನ್ನು ನಾಳೆ ಒಪ್ಪಿಕೊಳ್ಳುವ ನಾಲ್ಕು ಸಾಲಿನ ಚೌಕ ಅದು. ಆ ಚೌಕದಲ್ಲಿ ‘ಪ್ರಮಾದವಶಾತ್’, ‘ಕಣ್ತಪ್ಪಿನಿಂದ’ ಎಂಬ ಪದಗಳು ಬರಲು ನಾನು ಬಿಡುತ್ತಿರಲಿಲ್ಲ. ‘ಹೆಸರು ತಪ್ಪಾಗಿ ಪ್ರಕಟವಾಗಿದೆ’ ಎಂದು ಯಾರಾದರೂ ಬರೆದು ತಂದರೆ, ‘ತಾನಾಗಿಯೇ ಪ್ರಕಟವಾಯಿತೇನಪ್ಪ? ಯಾರು ತಪ್ಪು ಬರೆದರು? ವಾಕ್ಯದಲ್ಲಿ ಅವರು ಕಾಣಬೇಕು’ ಎಂದು ವಾಪಸ್ಸು ಕೊಡುತ್ತಿದ್ದೆ. ಕಚೇರಿಯ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಕರ್ತೃಪದ’ ಎಂದು ಕರೆಯುತ್ತಿದ್ದರು. ಗೊತ್ತಿತ್ತು. ಒಳಗೊಳಗೆ ಹೆಮ್ಮೆಯೇ ಇತ್ತು.

ಒಂಬತ್ತು ವರ್ಷದ ಹಿಂದೆ ಜಯನಗರದ ಒಂದು ಗ್ಯಾಲರಿಯಲ್ಲಿ ಐವರು ಸೆರಾಮಿಕ್ ಕಲಾವಿದರ ಪ್ರದರ್ಶನ ಏರ್ಪಾಟಾಗಿತ್ತು. ಹಳೆಯ ಮನೆಯೊಂದರ ನಡುಗೋಡೆ ಕೆಡವಿ ಮಾಡಿದ ಗ್ಯಾಲರಿ. ಕೆಂಪು ನೆಲವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಸಂಜೆ ಆರಕ್ಕೆ ಉದ್ಘಾಟನೆ, ಪತ್ರಿಕೆಯವರು ಬೆಳಿಗ್ಗೆಯೇ ಬಂದು ನೋಡಬಹುದು ಎಂದು ಹೇಳಿದ್ದರು. ನಾನು ಹತ್ತು ಐವತ್ತಕ್ಕೆ ಹೋದೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬಾಗಿಲ ಬಳಿಯ ಸಂದರ್ಶಕರ ಪುಸ್ತಕದಲ್ಲಿ ಮೊದಲ ಹೆಸರು ನನ್ನದು, ಪಕ್ಕದಲ್ಲಿ ವೇಳೆಯೂ ಇದೆ. ಕಾವಲಿನವನು ಟೀ ಕುಡಿಯಲು ಹೋಗಿದ್ದ. ಗ್ಯಾಲರಿ ನಡೆಸುವ ಮಹಿಳೆ ಒಳಕೋಣೆಯಲ್ಲಿ ಫೋನಿನಲ್ಲಿದ್ದರು, ಕೈಯಲ್ಲೇ ‘ನೋಡ್ತಿರಿ’ ಎಂದು ಸನ್ನೆ ಮಾಡಿದರು.

ಒಬ್ಬರು ಗೋಡೆಯ ತುಂಬ ಸಾವಿರಾರು ಮಣ್ಣಿನ ಎಲೆಗಳನ್ನು ಅಂಟಿಸಿದ್ದರು. ಇನ್ನೊಬ್ಬ ಯುವಕ ಸುಟ್ಟ ಮಣ್ಣಿನ ಮೊಬೈಲ್ ಫೋನುಗಳ ರಾಶಿ ಹಾಕಿದ್ದ, ಪ್ರತಿಯೊಂದರ ಮೇಲೂ ಹೆಬ್ಬೆರಳಿನ ತಗ್ಗು. ಇವೆಲ್ಲ ದಾಟಿದ ಮೇಲೆ ಕಿಟಕಿಯ ಕೆಳಗೆ ಒಂದು ಉದ್ದನೆಯ ಹಲಗೆ. ಹಲಗೆಯ ಮೇಲೆ ಹಳೆಯ ಸೀರೆ ಸುತ್ತಿ ಮಾಡಿದ ಹನ್ನೊಂದು ಸಿಂಬೆಗಳು. ಒಂದೊಂದು ಸಿಂಬೆಯ ಮೇಲೆ ಒಂದೊಂದು ಅಗಲವಾದ ಬಟ್ಟಲು. ಒಳಗೆ ಅಕ್ಕಿ ತೊಳೆದ ನೀರಿನ ಬಣ್ಣ. ಅಂಚು ಹಪ್ಪಳದಷ್ಟು ತೆಳು. ಕಿಟಕಿಯ ಬಿಸಿಲು ಅಂಚುಗಳ ಮೂಲಕ ಹಾದು ಬಂದು ಹಲಗೆಯ ಮೇಲೆ ಹನ್ನೊಂದು ಮಸುಕು ಬಳೆಗಳನ್ನು ಹಾಕಿತ್ತು. ಪಕ್ಕದಲ್ಲಿ ಅವರದೇ ಕೈಬರಹದ ಚೀಟಿ: ‘ಮುಟ್ಟಬಹುದು. ಬೆರಳಿನಿಂದ ತಟ್ಟಿ ಕೇಳಬಹುದು.’

ಚೀಟಿಯನ್ನು ಅಕ್ಷರಶಃ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ. ಆಮೇಲೆ ತಟ್ಟಲು ಶುರು ಮಾಡಿದೆ.

ನನ್ನ ತಾಯಿ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಮಡಕೆ ಕೊಳ್ಳುವಾಗ ಹೀಗೇ ತಟ್ಟುತ್ತಿದ್ದಳು. ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನಾನೂ ತಟ್ಟುತ್ತಿದ್ದೆ. ಅದೇ ನೆನಪಿನ ಖುಷಿಯಲ್ಲಿ ಒಂದೊಂದೇ ಬಟ್ಟಲು ದಾಟಿ ಏಳನೆಯದಕ್ಕೆ ಬಂದೆ. ಗೆಣ್ಣಿನಿಂದ ತಟ್ಟಿದೆ. ಎಲ್ಲಕ್ಕಿಂತ ಉದ್ದನೆಯ ದನಿ. ಅದು ಪೂರ್ತಿ ನಿಲ್ಲುವ ಮೊದಲೇ ಇನ್ನೊಮ್ಮೆ, ಇನ್ನೂ ಸ್ವಲ್ಪ ಜೋರಾಗಿ ತಟ್ಟಿದೆ. ಆ ಕೈಯ ಮುಷ್ಟಿಯಲ್ಲಿ ಸ್ಕೂಟರಿನ ಕೀ ಇತ್ತು. ಕೀ ಅಂಚಿಗೆ ಬಡಿಯಿತು. ‘ಟಕ್’ ಎಂದಿತು, ದನಿ ಅಲ್ಲೇ ನಿಂತಿತು.

ಅಂಚಿನಿಂದ ಒಂದು ಬೆರಳುದ್ದ ಕೆಳಗಿಳಿದ ಗೆರೆ. ಕೂದಲಿನಷ್ಟೇ ಸಣ್ಣದು.

ಒಳಕೋಣೆಯಲ್ಲಿ ಫೋನಿನ ಮಾತು ನಡೆದೇ ಇತ್ತು. ನಾನು ಬಟ್ಟಲನ್ನು ಸಿಂಬೆಯ ಮೇಲೆಯೇ ಮೆಲ್ಲಗೆ ತಿರುಗಿಸಿದೆ, ಗೆರೆ ಗೋಡೆಯ ಕಡೆಗೆ ಹೋಗುವವರೆಗೆ. ಆಮೇಲೆ ಸಂದರ್ಶಕರ ಪುಸ್ತಕದ ಅಭಿಪ್ರಾಯದ ಅಂಕಣದಲ್ಲಿ ‘ಅಪರೂಪದ ಕೆಲಸ’ ಎಂದು ಬರೆದು ಹೊರಬಂದೆ. ಸಂಜೆ ಬಂದು ಹೇಳಿಬಿಡೋಣ ಅಂದುಕೊಂಡೆ. ಪ್ರಾಮಾಣಿಕವಾಗಿಯೇ ಅಂದುಕೊಂಡೆ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಅದಕ್ಕೆ ಸಾಕ್ಷಿ ಇಲ್ಲ.

ಸಂಜೆ ನಲವತ್ತು ಜನ ಸೇರಿದ್ದರು. ನಾನು ಅವರನ್ನು ಮೊದಲು ಕಂಡದ್ದು ಆವಾಗಲೇ. ಕಾಟನ್ ಸೀರೆ, ಕತ್ತರಿಸಿದ ಉಗುರು, ಎಡಗೈಗೆ ಗಂಡಸರ ವಾಚು. ಯಾರಿಗೂ ನಮಸ್ಕಾರ ಹೇಳದೆ ನೆಟ್ಟಗೆ ಹಲಗೆಯ ಹತ್ತಿರ ಹೋಗಿ ತಮ್ಮ ಬಟ್ಟಲುಗಳನ್ನು ಸಾಲಾಗಿ ತಟ್ಟುತ್ತ ಬಂದರು, ಮಕ್ಕಳ ಹಾಜರಿ ತೆಗೆದುಕೊಂಡಂತೆ. ಏಳನೆಯದರ ಮುಂದೆ ನಿಂತರು. ಇನ್ನೊಮ್ಮೆ ತಟ್ಟಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಗೆರೆಯನ್ನು ನೋಡಿದರು.

ಗ್ಯಾಲರಿಯ ಮಹಿಳೆ ಓಡಿ ಬಂದರು. ‘ಮೇಡಂ, ಪ್ಲೀಸ್, ಆ ಸೈಡ್ ಗೋಡೆ ಕಡೆ ತಿರುಗಿಸಿಡಿ. ಯಾರಿಗೂ ಕಾಣ್ಸಲ್ಲ.’

‘ನಂಗೆ ಕೇಳ್ಸಿತಲ್ಲಮ್ಮ.’

ಮಣ್ಣಿನ ಮೊಬೈಲಿನ ಯುವಕ ಸಮಾಧಾನ ಹೇಳಲು ಹೋದ. ‘ಆಂಟಿ, ಟೆನ್ಷನ್ ತಗೋಬೇಡಿ. ಜಪಾನಲ್ಲಿ ಇಂಥ ಕ್ರ್ಯಾಕಿಗೆ ಚಿನ್ನ ತುಂಬಿಸ್ತಾರೆ. ಸಖತ್ತಾಗಿರುತ್ತೆ.’

‘ಚಿನ್ನ ತುಂಬ್ಸೋಕೆ ಇದೇನು ಹಲ್ಲಾ ಮಗು? ಒಡೆದದ್ದು ಒಡೆದಿದೆ.’

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕ, ಪೆನ್ನು ಕಂಡು ನನ್ನ ಕಡೆ ತಿರುಗಿದರು.

‘ಪೇಪರ್‌ನೋರಾ? ಬರ್ಕೊಳ್ಳಿ ಸಾರ್. ತಪ್ಪು ಮಣ್ಣಿಂದಲ್ಲ, ನಂದು. ಭಟ್ಟಿ ಆರೋಕೆ ಇನ್ನೂ ಅರ್ಧ ದಿನ ಬಿಡ್ಬೇಕಿತ್ತು. ಶೋಗೆ ಲೇಟಾಗುತ್ತೆ ಅಂತ ಬಾಗ್ಲು ತೆಗೆದ್ಬಿಟ್ಟೆ. ಬಿಸಿ ಬಟ್ಟಲಿಗೆ ತಣ್ಣನೆ ಗಾಳಿ ಹೊಡೀತು. ಆವತ್ತೇ ಗೊತ್ತಾಗಲ್ಲ ಅದು, ಒಳಗೇ ಇಟ್ಕೊಂಡಿರುತ್ತೆ. ನಾಲ್ಕು ದಿನ ಬಿಟ್ಟು ಹೇಳುತ್ತೆ.’

ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೆ ಆಗುವುದುಂಟು ಎಂದು ಆಮೇಲೆ ಬೇರೆಯವರಿಂದಲೂ ಕೇಳಿ ಖಚಿತಪಡಿಸಿಕೊಂಡೆ. ಭಟ್ಟಿಯ ಬಾಗಿಲನ್ನು ಅವರು ಬೇಗ ತೆರೆದದ್ದೂ ನಿಜ. ತಪ್ಪೊಂದನ್ನು ಅವರು ಮೊದಲೇ ಮನಸ್ಸಿನಲ್ಲಿ ಹೊತ್ತು ಬಂದಿದ್ದರು, ನಾನು ಮಾಡಿದ ಬಿರುಕು ಅದಕ್ಕೆ ಸರಿಯಾಗಿ ಹೊಂದಿಕೊಂಡಿತು.

ಆಗ ನಾನು ಒಂದು ಪ್ರಶ್ನೆ ಕೇಳಿದೆ. ಒಳ್ಳೆಯ ವರದಿಗಾರ ಕೇಳಲೇಬೇಕಾದ ಪ್ರಶ್ನೆ.

‘ನಿನ್ನೆ ಜೋಡಿಸುವಾಗ ಸರಿ ಇತ್ತಾ ಮೇಡಂ?’

‘ನಿನ್ನೆ ಸಂಜೆ ಏಳು ಗಂಟೆಗೆ ಹನ್ನೊಂದೂ ಹಾಡಿವೆ ಸಾರ್.’

ಅದನ್ನೂ ಬರೆದುಕೊಂಡೆ. ಆ ಪ್ರಶ್ನೆಯನ್ನು ನಾನು ಓದುಗರಿಗಾಗಿ ಕೇಳಿರಲಿಲ್ಲ. ಅವರಿಗೆ ಎಷ್ಟು ಗೊತ್ತಿದೆ ಎಂದು ನನಗೆ ತಿಳಿಯಬೇಕಿತ್ತು.

ವರದಿ ಎರಡನೆಯ ದಿನ ಬಂತು. ಶೀರ್ಷಿಕೆ ನನ್ನದೇ: ‘ಅರ್ಧ ದಿನದ ಅವಸರ’. ನಲವತ್ತು ಜನರ ಎದುರು ತನ್ನ ತಪ್ಪನ್ನು ತಾನೇ ಎತ್ತಿ ಹಿಡಿದ ಕಲಾವಿದೆಯ ಬಗ್ಗೆ ಮುನ್ನೂರು ಪದಗಳು. ಅವರ ಮಾತುಗಳಲ್ಲಿ ಒಂದಕ್ಷರ ಆಚೀಚೆ ಆಗಿರಲಿಲ್ಲ. ಬಿಟ್ಟದ್ದು ಒಂದೇ ವಾಕ್ಯ, ನಿನ್ನೆ ಸಂಜೆ ಏಳು ಗಂಟೆಗೆ ಹನ್ನೊಂದೂ ಹಾಡಿದ್ದು. ಜಾಗ ಸಾಲದೆ ಬಿಟ್ಟದ್ದಲ್ಲ.

ಓದುಗರಿಂದ ಪತ್ರಗಳು ಬಂದವು. ಇಂಥ ಪ್ರಾಮಾಣಿಕತೆ ಎಲ್ಲಿದೆ ಈಗ ಎಂದು ಬರೆದಿದ್ದರು. ಅವರ ಪ್ರಾಮಾಣಿಕತೆಯ ಬಗ್ಗೆಯೇ ಬರೆದಿದ್ದು, ಆದರೆ ಪತ್ರಗಳು ಬಂದದ್ದು ನನ್ನ ಮೇಜಿಗೆ. ಕೆಲವು ವರ್ಷಗಳ ಮೇಲೆ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಕರೆದಾಗ, ಆಡಿದ ಮಾತನ್ನು ಆಡಿದಂತೆಯೇ ಹೇಗೆ ದಾಖಲಿಸಬೇಕು ಎಂಬುದಕ್ಕೆ ಈ ವರದಿಯನ್ನೇ ಉದಾಹರಣೆಯಾಗಿ ಓದಿದೆ. ಹೀಗೆ ಓದಿದ್ದನ್ನು ಆ ತರಗತಿಯ ಹೊರಗೆ ಯಾರಿಗೂ ಹೇಳಿರಲಿಲ್ಲ.

ವರದಿ ಬಂದ ಮರುದಿನ ಅವರ ಮನೆಗೆ ಹೋದೆ. ಹೇಳಿಬಿಡಲು ಹೋದದ್ದು. ತಾರಸಿಯ ಮೆಟ್ಟಿಲು ಹತ್ತುವಾಗಲೇ ಗಂಟೆಯಂಥ ದನಿ, ಅದರ ಹಿಂದೆಯೇ ಏನೋ ಪುಡಿಯಾದ ಸದ್ದು. ಮತ್ತೆ ಗಂಟೆ, ಮತ್ತೆ ಪುಡಿ. ಮೇಲೆ ಹೋದರೆ, ಉಳಿದ ಹತ್ತು ಬಟ್ಟಲುಗಳನ್ನೂ ಗ್ಯಾಲರಿಯಿಂದ ವಾಪಸ್ಸು ತಂದಿದ್ದರು. ಗೋಣಿಚೀಲ ಹಾಸಿಕೊಂಡು, ಕಾರ್ಖಾನೆಯ ಸುತ್ತಿಗೆಯಿಂದ ಮೊದಲು ಹಗುರವಾಗಿ ತಟ್ಟಿ ಕೇಳುತ್ತಿದ್ದರು, ಆಮೇಲೆ ಒಡೆಯುತ್ತಿದ್ದರು. ಆರು ಹೋಗಿತ್ತು. ನಾಲ್ಕು ಉಳಿದಿತ್ತು.

‘ಬೇಡಿ ಮೇಡಂ!’ ಎಂದೆ.

ಸುತ್ತಿಗೆ ಕೈಯಲ್ಲೇ ನಿಂತಿತು. ‘ಯಾಕೆ ಸಾರ್?’

ಇಡೀ ಜೀವನದಲ್ಲಿ ನನ್ನನ್ನು ಯಾರೂ ಅಷ್ಟು ಸರಳವಾದ ಪ್ರಶ್ನೆ ಕೇಳಿಲ್ಲ. ಅವರು ಕಾಯುತ್ತಿದ್ದರು, ತಲೆ ಎಡಕ್ಕೆ ವಾಲಿತ್ತು. ಉತ್ತರ ನಾಲಿಗೆಯ ಮೇಲಿತ್ತು.

‘ಚೆನ್ನಾಗಿವೆ, ಅದಕ್ಕೆ’ ಎಂದೆ.

ಅವರು ನಕ್ಕರು. ‘ಚೆನ್ನಾಗಿರೋದು ಬೇರೆ, ಗಟ್ಟಿಯಾಗಿರೋದು ಬೇರೆ. ಎಲ್ಲಾ ಒಂದೇ ಭಟ್ಟೀಲಿ ಸುಟ್ಟಿದ್ದು. ಇವತ್ತು ಹಾಡ್ತಾವೆ. ನಾಳೆ ಯಾರ ಮನೇಲೋ, ಬಿಸಿ ಸಾರು ಹಾಕ್ದಾಗ, ಮಗು ಕೈಯಲ್ಲಿ ಒಡೆದ್ರೆ? ಪೇಪರಲ್ಲಿ ಬೇರೆ ಬಂದಿದೆ ನನ್ನ ತಪ್ಪು ಅಂತ.’

ಆ ಮಾತಿನಲ್ಲಿ ಆಕ್ಷೇಪ ಇರಲಿಲ್ಲ. ‘ಚೆನ್ನಾಗಿ ಬರ್ದಿದ್ರಿ’ ಎಂದೂ ಸೇರಿಸಿದರು. ನಾಲ್ಕನ್ನೂ ಒಡೆದರು. ನಾನು ಗೋಣಿಚೀಲದ ಒಂದು ತುದಿ ಹಿಡಿದು ಚೂರುಗಳನ್ನು ಸುರಿಯಲು ಸಹಾಯ ಮಾಡಿದೆ. ಬಿರುಕುಬಿಟ್ಟ ಏಳನೆಯದನ್ನು ಮಾತ್ರ ಅವರು ಇಟ್ಟುಕೊಂಡರು. ಭಟ್ಟಿಯ ಪಕ್ಕದ ಗೂಡಿನಲ್ಲಿ, ಗೆರೆ ತಮಗೆ ಕಾಣುವಂತೆ.

ಆಮೇಲೆ ಎಂಟು ವರ್ಷ ನಾನು ಆ ಮನೆಗೆ ಹೋಗಿ ಬಂದು ಮಾಡಿದೆ. ಮೊದಲು ಹೇಳಬೇಕೆಂದು, ಕ್ರಮೇಣ ಅಭ್ಯಾಸದಿಂದ. ಅವರ ಮಾತು ನನಗೆ ಹಿಡಿಸಿತ್ತು. ತಾರಸಿಯಲ್ಲಿ ವಾರಕ್ಕೆರಡು ದಿನ ಆರೇಳು ಜನಕ್ಕೆ ಮಣ್ಣಿನ ಕೆಲಸ ಹೇಳಿಕೊಡುತ್ತಿದ್ದರು. ಚಕ್ರದ ಮುಂದೆ ಕೂತು ಮೊದಲ ದಿನವೇ ಹೂದಾನಿ ಮಾಡಲು ಹೊರಟವರಿಗೆ, ‘ಮೊದ್ಲು ಉಂಡೆ ಮಧ್ಯಕ್ಕೆ ಬರ್ಲಿ, ಆಮೇಲೆ ನೀವು ಮಧ್ಯಕ್ಕೆ ಬನ್ನಿ’ ಎನ್ನುತ್ತಿದ್ದರು. ಫೋಟೊ ತೆಗೆದುಕೊಳ್ಳಲೆಂದೇ ಬಂದವರನ್ನು ದೂರದಿಂದಲೇ ಗುರುತಿಸಿ ಅವರ ಕೈಗೆ ಜರಡಿ ಕೊಡುತ್ತಿದ್ದರು. ಒಣಮಣ್ಣು ಜರಡಿ ಹಿಡಿದು ಮುಖ ಬೂದಿಯಾದ ಮೇಲೆ, ‘ಈಗ ತೆಗ್ಸ್ಕೊಳ್ಳಿ, ಚೆನ್ನಾಗಿ ಬರುತ್ತೆ’.

ಆದರೆ ಎರಡು ಬದಲಾವಣೆ ಆಗಿದ್ದವು, ಎರಡಕ್ಕೂ ನಿಜವಾದ ಕಾರಣ ನನಗೊಬ್ಬನಿಗೇ ಗೊತ್ತಿತ್ತು.

ಒಂದು, ಗಂಟು. ಭಟ್ಟಿ ಆರಿಸಿದ ಕೂಡಲೇ ಅದರ ಬಾಗಿಲ ಹಿಡಿಗೆ ಬಿಳಿ ದಾರ ಸುತ್ತಿ ಮೂರು ಗಂಟು ಹಾಕುತ್ತಿದ್ದರು. ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಂದು ಗಂಟು ಬಿಚ್ಚುವುದು. ಮೂರನೆಯದು ಬಿಚ್ಚಿದ ಮೇಲೆಯೇ ಬಾಗಿಲು. ಒಂದೂವರೆ ದಿನ ಸಾಕಾಗುವ ಆ ಪುಟ್ಟ ಭಟ್ಟಿಗೆ ಮೂರು ದಿನ. ಶಿಷ್ಯರು ಗೋಗರೆದರೂ ಇಲ್ಲ, ಯಾರದೋ ಮದುವೆಗೆ ಉಡುಗೊರೆ ಎಂದರೂ ಇಲ್ಲ. ಒಮ್ಮೆ ಬೇರೆ ಊರಿನ ದೊಡ್ಡ ಪ್ರದರ್ಶನವೊಂದಕ್ಕೆ ಇವರನ್ನು ಕರೆದಿದ್ದರು. ಕೆಲಸ ಕಳಿಸುವ ಕೊನೆಯ ದಿನ ಎರಡನೆಯ ಗಂಟಿನ ದಿನವೇ ಬಂತು. ಅವರು ದಾರ ಮುಟ್ಟಲಿಲ್ಲ. ಆ ಪ್ರದರ್ಶನಕ್ಕೆ ಅವರದೇನೂ ಹೋಗಲಿಲ್ಲ.

ಇನ್ನೊಂದು, ತೆಳುವಾದದ್ದನ್ನು ಅವರು ಮತ್ತೆ ಮಾಡಲಿಲ್ಲ. ದಪ್ಪ ಮಗ್ಗು, ದಪ್ಪ ಕುಂಡ, ಉಪ್ಪಿನಕಾಯಿ ಜಾಡಿ. ಎಲ್ಲವೂ ನೇರ್ಪಾಗಿ, ಗಟ್ಟಿಯಾಗಿ ಇರುತ್ತಿದ್ದವು. ಬಿಸಿಲು ಯಾವುದರ ಮೂಲಕವೂ ಹಾಯುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

‘ತೆಳು ನನ್ನ ಕೈಗಲ್ಲ ಸಾರ್. ಅದಕ್ಕೆ ತಾಳ್ಮೆ ಬೇಕು. ನಂಗಿಲ್ಲ ಅಂತ ಒಂದ್ಸಲ ಗೊತ್ತಾಯ್ತಲ್ಲ.’

‘ಮೇಡಂ, ಆ ಬಟ್ಟಲು...’ ಎಂದು ಶುರು ಮಾಡಿದೆ.

‘ಬಿಡಿ, ಅದರಿಂದ ನಂಗೆ ಬುದ್ಧಿ ಬಂತು’ ಎಂದು ಅವರು ಮಾತು ಮುಗಿಸಿದರು. ನಾನು ಮುಗಿಯಲು ಬಿಟ್ಟೆ.

ನಿವೃತ್ತನಾದ ದಿನ ನನಗೊಂದು ಮಗ್ಗು ಕೊಟ್ಟರು. ಕೈಗೆ ಭಾರವಾಗುವಷ್ಟು ದಪ್ಪ. ‘ತಗೊಳ್ಳಿ ಸಾರ್, ಇದು ನಿಮ್ಮ ಕೈಲೂ ಒಡೆಯಲ್ಲ’ ಎಂದು ನಕ್ಕರು. ಅವರಿಗೇನಾದರೂ ಗೊತ್ತಿತ್ತೇ ಎಂದು ಆ ನಗುವನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಇರಲಿಲ್ಲ. ಗೊತ್ತಿದ್ದರೆ ಅವರು ‘ಊಹೂಂ’ ಎಂದು ಮುಖದ ಮೇಲೆಯೇ ಹೇಳಿ, ಮರುವಾರದಿಂದ ತೆಳುವಾದ ಬಟ್ಟಲು ಮಾಡಲು ಕೂರುತ್ತಿದ್ದರು. ಗೊತ್ತಿತ್ತು, ಕ್ಷಮಿಸಿದ್ದರು ಎಂದು ನಂಬಿಕೊಳ್ಳುವುದು ನನಗೆ ಅನುಕೂಲ. ಅನುಕೂಲವಾದದ್ದನ್ನು ಎರಡು ಸಲ ಪರಿಶೀಲಿಸಬೇಕೆಂದು ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದೆ.

ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ಬೆಳಗಿನ ಕಾಫಿ ಕುಡಿದು, ಒರಗಿ ಕೂತವರು ಹಾಗೆಯೇ. ಫೋನ್ ಮಾಡಿ ತಿಳಿಸಿದವಳು ಶೈಲಾ. ಗದಗದ ಕಡೆಯ ಹೆಣ್ಣುಮಗಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಆರು ವರ್ಷದಿಂದ ಅವರ ಶಿಷ್ಯೆ. ಆ ದಿನ ಭಟ್ಟಿಯ ಬಾಗಿಲಿಗೆ ಇನ್ನೂ ಎರಡು ಗಂಟು ಉಳಿದಿದ್ದವಂತೆ. ಶೈಲಾ ದಿನಕ್ಕೊಂದರಂತೆ ಬಿಚ್ಚಿ, ಮೂರನೆಯ ದಿನ ಬಾಗಿಲು ತೆರೆದಳು.

ಎರಡು ತಿಂಗಳ ಮೇಲೆ ಜಯನಗರದ ಅದೇ ಗ್ಯಾಲರಿಯಲ್ಲಿ, ಅವರ ಶಿಷ್ಯರೂ ಅಂದಿನ ಜೊತೆ ಕಲಾವಿದರೂ ಸೇರಿ ಪ್ರದರ್ಶನ ಇಟ್ಟರು. ಸಂಜೆಯ ಕಾರ್ಯಕ್ರಮದಲ್ಲಿ ನಾನು ನಾಲ್ಕು ಮಾತು ಆಡಬೇಕೆಂದು ಶೈಲಾ ಹೇಳಿದ್ದಳು. ಮಧ್ಯಾಹ್ನವೇ ಹೋದೆ. ಕಿಟಕಿಯ ಕೆಳಗೆ ಅದೇ ಹಲಗೆ. ಮೇಲೆ ಕಾರ್ಖಾನೆಯ ಸುತ್ತಿಗೆ, ಮತ್ತೆ ಮೂರು ಗಂಟು ಹಾಕಿದ ದಾರ, ಸಿಂಬೆಯ ಮೇಲೆ ಏಳನೆಯ ಬಟ್ಟಲು, ಗೆರೆ ನೋಡುವವರ ಕಡೆಗೆ. ಹಿಂದಿನ ಗೋಡೆಯ ಮೇಲೆ ನನ್ನ ವರದಿ, ಮೂರಡಿ ಎತ್ತರಕ್ಕೆ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿದ್ದರು.

‘ಹೆಂಗ್ ಕಾಣ್ತದ್ರೀ ಸರ್?’ ಶೈಲಾ ಕೇಳಿದಳು. ‘ಹೊಸಾ ಮಂದಿ ಬಂದ್ರ ಮೊದ್ಲ ಇದನ್ನ ಓದಸ್ತೀನ್ರಿ ನಾನು. ಮೂರು ಗಂಟು ಯಾಕಂತ ಆಮ್ಯಾಲೆ ಹೇಳೂದ ಬೇಕಾಗಂಗಿಲ್ಲ.’

ಆಗ ಹೇಳಿದೆ. ಹತ್ತು ಐವತ್ತರಿಂದ ಶುರು ಮಾಡಿ, ಕೀ, ಗೆರೆ, ತಿರುಗಿಸಿಟ್ಟದ್ದು, ಬಿಟ್ಟ ವಾಕ್ಯ, ತಾರಸಿಯ ನಾಲ್ಕು ಬಟ್ಟಲು. ಮೂರು ನಿಮಿಷವೂ ಆಗಲಿಲ್ಲ. ಒಂಬತ್ತು ವರ್ಷ ಹೊತ್ತಿದ್ದು ಮೂರು ನಿಮಿಷದ್ದು.

ಅವಳು ದಾರದ ಗಂಟುಗಳ ಮೇಲೆ ಬೆರಳಾಡಿಸಿದಳು.

‘ಮೇಡಂ ತೆಳೂದು ಮಾಡೂದು ಬಿಟ್ಟಿದ್ದು ಇದಕ್ಕನ ಏನ್ರೀ?’

‘ಹೌದು.’

‘ನಂಗ ಕಲಸ್ರಿ ಅಂತ ಎಷ್ಟ್ ಸಲ ಕೇಳೀನ್ರಿ ನಾನು. ನನಗ ಬರಂಗಿಲ್ಲವ್ವ, ಬರದ ವಿದ್ಯಾ ಹೆಂಗ್ ಕಲಸ್ಲಿ ಅಂತಿದ್ರು.’ ಅವಳ ದನಿ ಏರಲಿಲ್ಲ. ‘ಬರ್ತಿತ್ತಲ್ರಿ ಸರ್ ಅವರಿಗೆ.’

ಅವಳು ಗೋಡೆಯ ಕಡೆ ತಿರುಗಿದಳು.

‘ಇದನ್ನ ತಗದ್ ಹಾಕ್ಲೇನ್ರಿ?’ ಚೌಕಟ್ಟಿನ ಕಡೆ ಕೈ ಮಾಡಿದಳು.

‘ಬೇಡ. ಇರಲಿ. ಕೆಳಗೆ ತಿದ್ದುಪಡಿ ಹಾಕೋಣ’ ಎಂದೆ. ಬಿಳಿ ಹಾಳೆ ತೆಗೆದುಕೊಂಡು ಹಲಗೆಯ ತುದಿಯಲ್ಲೇ ಬರೆದೆ. ನೂರಾರು ಬರೆದ ಕೈ, ತಡವಾಗಲಿಲ್ಲ: ‘ಮೇಲಿನ ವರದಿಯಲ್ಲಿ ಬಟ್ಟಲಿನ ಬಿರುಕಿಗೆ ಭಟ್ಟಿಯನ್ನು ಬೇಗ ತೆರೆದದ್ದು ಕಾರಣ ಎಂದು ಹೇಳಲಾಗಿದೆ. ಅದು ಸರಿಯಲ್ಲ. ಪ್ರದರ್ಶನದ ಬೆಳಿಗ್ಗೆ ವರದಿಗಾರರ ಕೈಯಲ್ಲಿದ್ದ ಕೀ ತಗುಲಿ ಬಟ್ಟಲು ಬಿರುಕು ಬಿಟ್ಟಿತು.’

ಶೈಲಾ ಓದಿದಳು. ಇನ್ನೊಮ್ಮೆ ಓದಿದಳು.

‘ತಗುಲಿ ಅಂದ್ರ? ಕೀ ತಾನ ಹಾರಿ ಬಂದಿತ್ತೇನ್ರಿ?’

ನಾನು ಹಾಳೆಯನ್ನು ವಾಪಸ್ಸು ತೆಗೆದುಕೊಂಡೆ. ಹೇಳಲಾಗಿದೆ, ತಗುಲಿ, ಬಿಟ್ಟಿತು. ಮೂರು ವಾಕ್ಯದಲ್ಲಿ ಎಲ್ಲಿಯೂ ನಾನು ಇರಲಿಲ್ಲ. ಹೊಸ ಹಾಳೆಯಲ್ಲಿ ಬರೆದೆ: ‘ಈ ವರದಿ ಬರೆದವನು ನಾನು. ಬಟ್ಟಲನ್ನು ಪ್ರದರ್ಶನದ ಬೆಳಿಗ್ಗೆ ಕೀಯಿಂದ ತಟ್ಟಿ ಒಡೆದೆ. ಬಿರುಕನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಹಿಂದಿನ ಸಂಜೆ ಹನ್ನೊಂದೂ ಬಟ್ಟಲು ಸರಿಯಿದ್ದವು ಎಂದು ಅವರು ಹೇಳಿದ್ದನ್ನು ವರದಿಯಿಂದ ಬಿಟ್ಟೆ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ.’ ಕೆಳಗೆ ಹೆಸರು ಬರೆದೆ.

ಶೈಲಾ ಅದನ್ನು ಚೌಕಟ್ಟಿನ ಕೆಳಗೆ ಅಂಟಿಸಿದಳು. ಆಮೇಲೆ ನನ್ನ ಕಡೆ ನೋಡದೆ, ‘ಸರ್, ಸಂಜೀಕ ನೀವು ಮಾತಾಡೂದ್ ಬ್ಯಾಡ್ರಿ. ಇಷ್ಟ ಸಾಕು’ ಎಂದಳು. ಮೂರು ಗಂಟಿನ ದಾರವನ್ನು ಹಲಗೆಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಬಿಚ್ಚಲೋ, ಇಟ್ಟುಕೊಳ್ಳಲೋ ನಾನು ಕೇಳಲಿಲ್ಲ.

ಮನೆಗೆ ಹೋಗಿಬಿಡಬಹುದಿತ್ತು. ಮುಚ್ಚುವವರೆಗೂ ಬಾಗಿಲ ಪಕ್ಕ ನಿಂತಿದ್ದೆ. ಜನ ಬರುತ್ತಿದ್ದರು. ದೊಡ್ಡ ಅಕ್ಷರದ ವರದಿಯನ್ನು ಓದಿ ಮುಗುಳ್ನಗುತ್ತಿದ್ದರು, ಆಮೇಲೆ ಬಗ್ಗಿ ಕೆಳಗಿನ ಹಾಳೆಯನ್ನು ಓದುತ್ತಿದ್ದರು. ನನ್ನನ್ನು ಗುರುತಿಸಿದ ಇಬ್ಬರು ಮೂವರು ಮಾತಾಡಿಸದೆ ಹೊರಗೆ ಹೋದರು. ಮೊಬೈಲಿನ ಯುವಕ, ಈಗ ಗಡ್ಡ ನರೆತಿದೆ, ನನ್ನ ಎದುರು ಬಂದು ನಿಂತು, ಹಾಳೆಯ ಕಡೆ ಇನ್ನೊಮ್ಮೆ ನೋಡಿ, ಹಲಗೆಯತ್ತ ನಡೆದ.

ಕೊನೆಗೆ ಬಂದವರು ಒಬ್ಬ ವಯಸ್ಸಾದ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಬಹುಶಃ ಅದೇ ಬೀದಿಯವರು, ದೀಪ ಕಂಡು ಒಳಗೆ ಬಂದಿರಬೇಕು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಎರಡನ್ನೂ ಪೂರ್ತಿ ಓದಿದರು. ಬಟ್ಟಲನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಅದು ಸತ್ತ ದನಿಯಲ್ಲಿ ‘ಟಕ್’ ಎಂದಿತು. ನಾನು ಯಾರೆಂದು ತಿಳಿಯದೆ, ಹತ್ತಿರ ನಿಂತವನೆಂಬ ಕಾರಣಕ್ಕೆ, ನನ್ನ ಕಡೆ ತಿರುಗಿ ಹೇಳಿದರು:

‘ಪಾಪ, ಆ ಯಮ್ಮ ತನ್ನದೇ ತಪ್ಪು ಅಂದ್ಕೊಂಡೇ ಹೋಗ್ಬಿಟ್ಳಲ್ಲ ಸಾರ್.’

ಆ ವಾಕ್ಯದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.